ಮುಷ್ಕರದ ದಿನಗಳಿಗೂ ಬಾಡಿಗೆ ಎಣಿಸುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕಂಟೇನರ್ ಹಡಗು ಕಂಪನಿಗಳ ಹಾಗೂ ಬಂದರು ಟರ್ಮಿನಲ್ ನಿರ್ವಾಹಕ ಸಂಸ್ಥೆಗಳ ಮುಖ್ಯಸ್ಥರು,
ಬಂದರು ಕಾರ್ಮಿಕ ಸಂಘಗಳ ನಾಯಕರು,
ಮತ್ತು ಇಬ್ಬರ ನಡವಳಿಕೆಯ ಮೇಲೂ ನಿಗಾ ಇಡಬೇಕಾದ ನೌಕಾ ನಿಯಂತ್ರಣ ಸಂಸ್ಥೆಗಳ ಅಧಿಕಾರಿಗಳು

ವಿಷಯ: ಬಂದರು ಮುಷ್ಕರ ಹಾಗೂ ಲಾಕೌಟ್ (ಮಾಲೀಕರೇ ಕೆಲಸ ಮುಚ್ಚುವುದು) ಅವಧಿಯ ಡೆಮರೇಜ್ (ಗೊತ್ತಾದ ದಿನ ಮೀರಿ ಬಂದರಿನಲ್ಲಿ ಉಳಿದ ಕಂಟೇನರಿನ ದಿನಬಾಡಿಗೆ) ಮತ್ತು ಡಿಟೆನ್ಷನ್ (ಹೊರಗೊಯ್ದ ಕಂಟೇನರನ್ನು ಗೊತ್ತಾದ ದಿನದೊಳಗೆ ಹಿಂದಿರುಗಿಸದಿದ್ದರೆ ಬೀಳುವ ದಿನಬಾಡಿಗೆ) ವಸೂಲಿಯನ್ನು ನಿಲ್ಲಿಸುವ ಬಗ್ಗೆ, ವೇತನ ಒಪ್ಪಂದಗಳ ಮಾತುಕತೆಯನ್ನು ಸಕಾಲದಲ್ಲಿ ಮುಗಿಸುವ ಬಗ್ಗೆ

ಮಾನ್ಯರೇ,

ಕಳೆದ 19 ವರ್ಷಗಳಿಂದ ನಾನು ಸರಕು ರವಾನೆಯ ಕಚೇರಿಯೊಂದರಲ್ಲಿ ಕಾಗದಪತ್ರಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಬಿಲ್ ಆಫ್ ಲೇಡಿಂಗ್ (ಹಡಗು ಕಂಪನಿ ಕೊಡುವ ಸರಕಿನ ರಸೀದಿ ಹಾಗೂ ಸಾಗಣೆ ಪತ್ರ) ಪರಿಶೀಲಿಸುವುದು, ಕಸ್ಟಮ್ಸ್ ದಾಖಲೆ ಸಲ್ಲಿಸುವುದು, ಡೆಲಿವರಿ ಆರ್ಡರ್ ಪಡೆಯುವುದು, ಲಾರಿ ಗೊತ್ತುಮಾಡುವುದು, ಕಂಟೇನರ್ ಖಾಲಿಯಾದ ಮೇಲೆ ಅದನ್ನು ಹಿಂದಿರುಗಿಸಿ ರಸೀದಿ ತೆಗೆದುಕೊಳ್ಳುವುದು ನನ್ನ ಕೆಲಸ. ಹಡಗು ನನ್ನದಲ್ಲ, ಸರಕೂ ನನ್ನದಲ್ಲ, ಧಕ್ಕೆಯ (ಹಡಗುಕಟ್ಟೆಯ) ಮೇಲೆ ದುಡಿಯುವವನೂ ನಾನಲ್ಲ. ಆದರೆ ಬಂದರು ನಿಂತಾಗ ಸರಕಿನ ಒಡೆಯರು ಮೊದಲು ಫೋನ್ ಮಾಡುವುದು ನನಗೆ. ಎಲ್ಲ ಮುಗಿದ ಮೇಲೆ ಬರುವ ಬಿಲ್ಲನ್ನು ಅವರ ಕೈಗೆ ಕೊಡಬೇಕಾದವನೂ ನಾನೇ. ಆ ಬಿಲ್ಲುಗಳೇ ಈ ಪತ್ರವನ್ನು ಬರೆಸುತ್ತಿವೆ.

ಕೆಲವು ವರ್ಷಗಳ ಹಿಂದೆ, ನಮ್ಮ ಕಚೇರಿ ನಿತ್ಯ ವ್ಯವಹರಿಸುತ್ತಿದ್ದ ಬಂದರೊಂದರಲ್ಲಿ ಕಾರ್ಮಿಕರು 11 ದಿನ ಕೆಲಸ ನಿಲ್ಲಿಸಿದರು. ಆ ಬಂದರಿನ ಹೆಸರನ್ನಾಗಲಿ ಕಂಪನಿಗಳ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನನ್ನ ದೂರು ಯಾರೋ ಒಬ್ಬರ ಮೇಲಲ್ಲ, ಎಲ್ಲೆಡೆ ನಡೆದುಕೊಂಡು ಬಂದಿರುವ ಒಂದು ಪದ್ಧತಿಯ ಮೇಲೆ. ಕೆಲಸ ನಿಂತ ಬೆಳಿಗ್ಗೆ ನಾನು ಗೇಟಿನ ಬಳಿಯೇ ಇದ್ದೆ. ಕ್ರೇನುಗಳು ತೋಳನ್ನು ಮೇಲೆತ್ತಿಕೊಂಡು ಹಾಗೆಯೇ ನಿಂತಿದ್ದವು. ಒಳಗೆ ಯಾರ್ಡಿನಲ್ಲಿ ನಮ್ಮ ಗ್ರಾಹಕರ 14 ಕಂಟೇನರ್‌ಗಳಿದ್ದವು. ಅವುಗಳಲ್ಲಿ ಒಂಬತ್ತಕ್ಕೆ ಸುಂಕ ಕಟ್ಟಿಯಾಗಿತ್ತು, ಕಸ್ಟಮ್ಸ್ ಬಿಡುಗಡೆಯೂ ಸಿಕ್ಕಿತ್ತು. ಲಾರಿಗೆ ಏರಿಸುವುದಷ್ಟೇ ಬಾಕಿ. ಗೇಟಿನ ಹೊರಗೆ ರಾತ್ರಿಯಿಂದ ಸಾಲು ನಿಂತಿದ್ದ ಚಾಲಕರಿಗೆ ಯಾರೂ ಏನೂ ಹೇಳಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರು ಒಬ್ಬೊಬ್ಬರಾಗಿ ಖಾಲಿ ಟ್ರೇಲರ್ ಎಳೆದುಕೊಂಡು ಹಿಂದಿರುಗಿದರು. ಆ ದಿನದ ದುಡಿಮೆ ಅವರಿಗೆ ಇಲ್ಲ, ಏಕೆಂದರೆ ಅವರ ಸಂಪಾದನೆ ಟ್ರಿಪ್ಪಿನ ಲೆಕ್ಕದ್ದು.

ಒಳಗಿದ್ದ 14ರಲ್ಲಿ ಒಂದು ರೀಫರ್, ಅಂದರೆ ಶೀತಲ ಕಂಟೇನರ್. ಅದರೊಳಗೆ ರೋಗಪತ್ತೆ ಪ್ರಯೋಗಾಲಯಗಳಿಗೆ ಬೇಕಾದ ರಾಸಾಯನಿಕಗಳಿದ್ದವು. ಅವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆಯೇ ಇಡಬೇಕು. ರೀಫರ್‌ಗೆ ಯಾರ್ಡಿನಲ್ಲಿ ವಿದ್ಯುತ್ ಪ್ಲಗ್ ಇರುತ್ತದೆ, ದಿನಕ್ಕೆ ಕೆಲವು ಬಾರಿ ಒಬ್ಬರು ಬಂದು ತಾಪಮಾನ ನೋಡಿ ಬರೆದುಕೊಳ್ಳುತ್ತಾರೆ. ಮುಷ್ಕರದ ದಿನಗಳಲ್ಲಿ ಆ ಕೆಲಸಕ್ಕೆ ಉಳಿದದ್ದು ಬೆರಳೆಣಿಕೆಯಷ್ಟು ಮೇಲಧಿಕಾರಿಗಳು. ಅವರು ಕೈಲಾದಷ್ಟು ಮಾಡಿದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಒಂದು ರಾತ್ರಿಯ ಆರು ಗಂಟೆಗಳ ದಾಖಲೆಯೇ ಸಿಗಲಿಲ್ಲ. ಸರಕು ಕೆಟ್ಟಿತ್ತೆಂದು ಯಾರೂ ಸಾಬೀತು ಮಾಡಲಿಲ್ಲ. ಕೆಟ್ಟಿಲ್ಲವೆಂದು ಸಾಬೀತು ಮಾಡಲು ನಮ್ಮ ಬಳಿಯೂ ಏನೂ ಇರಲಿಲ್ಲ. ಖರೀದಿದಾರರು ಇಡೀ ಸರಕನ್ನು ತಿರಸ್ಕರಿಸಿದರು. ರೋಗಿಗಳ ರಕ್ತ ಪರೀಕ್ಷೆಯ ವಿಷಯವಾದ್ದರಿಂದ ಅವರು ತಪ್ಪು ಮಾಡಿದರೆಂದು ನಾನು ಇಂದಿಗೂ ಹೇಳಲಾರೆ.

ಆದರೆ ನನ್ನನ್ನು ಇಷ್ಟು ವರ್ಷವಾದರೂ ಕಾಡುವುದು ಆ ರೀಫರ್ ಅಲ್ಲ, ಒಂದು ಖಾಲಿ ಪೆಟ್ಟಿಗೆ. ಪ್ಯಾಕಿಂಗ್ ಯಂತ್ರಗಳನ್ನು ತಯಾರಿಸುವ ಸಣ್ಣ ಘಟಕವೊಂದು ಮುಷ್ಕರಕ್ಕೆ ಮೂರು ದಿನ ಮುಂಚೆ ತನ್ನ ಕಂಟೇನರನ್ನು ಬಂದರಿನಿಂದ ಬಿಡಿಸಿಕೊಂಡು, ಬಿಡಿಭಾಗಗಳನ್ನು ಇಳಿಸಿಕೊಂಡು, ಖಾಲಿ ಪೆಟ್ಟಿಗೆಯನ್ನು ಹಿಂದಿರುಗಿಸಲು ಲಾರಿ ಹತ್ತಿಸಿತ್ತು. ಎಲ್ಲವೂ ಅವಧಿಯೊಳಗೇ ನಡೆದಿತ್ತು. ಲಾರಿ ಬಂದರು ತಲುಪುವಷ್ಟರಲ್ಲಿ ಗೇಟು ಮುಚ್ಚಿತ್ತು. ಬೇರೆ ಡಿಪೋದಲ್ಲಿ ಒಪ್ಪಿಸಲು ಅನುಮತಿ ಕೇಳಿದೆ. ಕಂಪನಿಯಿಂದ ಉತ್ತರ ಬರಲಿಲ್ಲ. ಪೆಟ್ಟಿಗೆಯನ್ನು ನೆಲಕ್ಕಿಳಿಸಲು ಜಾಗವಿಲ್ಲದೆ ಅದು ಟ್ರೇಲರಿನ ಮೇಲೆಯೇ ಉಳಿಯಿತು. ಹಾಗಾಗಿ ಟ್ರೇಲರೂ ಬೇರೆ ಕೆಲಸಕ್ಕೆ ಸಿಗದಾಯಿತು. ಮುಷ್ಕರ ಮುಗಿದ ಮೇಲೂ ಸಾಲು ಕರಗಿ ಸರದಿ ಬರುವುದಕ್ಕೆ ಇನ್ನೂ ಎಂಟು ದಿನ ಹಿಡಿಯಿತು. ಕೊನೆಗೆ ಪೆಟ್ಟಿಗೆ ಒಪ್ಪಿಸಿ ರಸೀದಿ ಪಡೆದ ವಾರಕ್ಕೆ ಬಿಲ್ ಬಂತು: 19 ದಿನಗಳ ಡಿಟೆನ್ಷನ್, ಅದರಲ್ಲೂ ಹತ್ತು ದಿನ ಕಳೆದ ನಂತರ ಏರುವ ದರದಲ್ಲಿ.

ಪೆಟ್ಟಿಗೆಯನ್ನು ಕೊಡಲು ಬಂದವನನ್ನು ಬಾಗಿಲಲ್ಲಿ ನಿಲ್ಲಿಸಿ, ಇನ್ನೂ ಕೊಡಲಿಲ್ಲವೆಂದು ದಂಡ ಹಾಕಿದ ಹಾಗಾಯಿತು ಇದು. ನಾನು ಅದನ್ನೇ ಸಭ್ಯವಾದ ಮಾತಿನಲ್ಲಿ ಕಂಪನಿಗೆ ಬರೆದೆ. ಮುಷ್ಕರ ತಮ್ಮ ಹಿಡಿತದಲ್ಲಿ ಇರಲಿಲ್ಲವೆಂದೂ, ದರಪಟ್ಟಿಯಲ್ಲಿ ಮುಷ್ಕರಕ್ಕೆ ವಿನಾಯಿತಿ ಇಲ್ಲವೆಂದೂ ಉತ್ತರ ಬಂತು. ನಾಲ್ಕು ತಿಂಗಳ ಪತ್ರವ್ಯವಹಾರದ ನಂತರ ಶೇ. 20ರಷ್ಟು ಬಿಟ್ಟುಕೊಟ್ಟರು. ಅಷ್ಟರೊಳಗೆ ಆ ಘಟಕದ ಮುಂದಿನ ಸರಕನ್ನು ಬಾಕಿ ಇದೆಯೆಂಬ ಕಾರಣಕ್ಕೆ ತಡೆಹಿಡಿಯಲಾಗಿತ್ತು. ಮಾಲೀಕರು ಉಳಿದ ಹಣ ಕಟ್ಟಿ ಸುಮ್ಮನಾದರು.

ಮಾನ್ಯರೇ, ಬಂದರು ಮುಷ್ಕರವೆಂದರೆ ಎಷ್ಟು ದಿನ ಕೆಲಸ ನಿಂತಿತೋ ಅಷ್ಟು ದಿನದ ತೊಂದರೆ ಎಂದು ಹೊರಗಿನವರು ತಿಳಿದುಕೊಂಡಿದ್ದಾರೆ. ಹಾಗಲ್ಲವೆಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಕಂಟೇನರ್ ಹಡಗುಗಳು ವಾರಕ್ಕೊಂದರಂತೆ ಗೊತ್ತಾದ ದಿನ, ಗೊತ್ತಾದ ಬಂದರುಗಳನ್ನು ಮುಟ್ಟುತ್ತಾ ಸುತ್ತು ಹಾಕುವ ಬಸ್ಸುಗಳಂತೆ ಓಡುತ್ತವೆ. ಏಷ್ಯಾದಿಂದ ಯುರೋಪಿಗೆ ಹೋಗಿ ಬರುವ ಒಂದು ಸುತ್ತಿಗೆ ಹತ್ತಿರ ಹತ್ತಿರ ಮೂರು ತಿಂಗಳು ಬೇಕು; ವಾರಕ್ಕೊಂದು ಹಡಗು ತಪ್ಪದೆ ಬರಬೇಕಾದರೆ ಹನ್ನೆರಡೋ ಹದಿಮೂರೋ ಹಡಗುಗಳನ್ನು ಒಂದರ ಹಿಂದೊಂದು ಓಡಿಸಬೇಕು. ಒಂದು ಬಂದರು ಹತ್ತು ದಿನ ನಿಂತರೆ ಮೊದಲ ಹಡಗಿನ ಜೊತೆ ಎರಡನೆಯದೂ ಹೊರಸಮುದ್ರದಲ್ಲಿ ಲಂಗರು ಹಾಕುತ್ತದೆ. ಕೆಲಸ ಶುರುವಾದಾಗ ಎರಡೂ ಒಟ್ಟಿಗೆ ಧಕ್ಕೆ ಕೇಳುತ್ತವೆ. ಈಗಿನ ಅತಿ ದೊಡ್ಡ ಹಡಗುಗಳು 400 ಮೀಟರ್ ಉದ್ದ, 20 ಅಡಿಯ ಪೆಟ್ಟಿಗೆಗಳ ಲೆಕ್ಕದಲ್ಲಿ 24,000ಕ್ಕೂ ಹೆಚ್ಚು ಹೊರುತ್ತವೆ. ಅಂಥದ್ದೊಂದು ಸರಕು ಇಳಿಸಲು ಯಾರ್ಡಿನಲ್ಲಿ ಜಾಗ ಬೇಕು. ಅಲ್ಲಿ ಆಗಲೇ ಮುಷ್ಕರಕ್ಕೆ ಮುಂಚಿನ ಪೆಟ್ಟಿಗೆಗಳು ತುಂಬಿವೆ. ಯಾರ್ಡ್ ತುಂಬಿದಷ್ಟೂ ಒಂದು ಪೆಟ್ಟಿಗೆಯನ್ನು ತೆಗೆಯಲು ಅದರ ಮೇಲಿನ ನಾಲ್ಕನ್ನು ಸರಿಸಬೇಕು, ಹಾಗಾಗಿ ಪ್ರತಿಯೊಂದು ಲಾರಿಯ ಸರದಿಯೂ ನಿಧಾನವಾಗುತ್ತದೆ. ಒಂದು ದಿನ ನಿಂತ ಕೆಲಸದ ಹಿಂಬಾಕಿ ತೀರಲು ನಾಲ್ಕೈದು ದಿನ ಬೇಕೆಂದು ಈ ವ್ಯವಹಾರದಲ್ಲಿರುವವರು ಲೆಕ್ಕ ಹಾಕುವುದು ಇದೇ ಕಾರಣಕ್ಕೆ.

ಇನ್ನು ತಡವಾದ ಹಡಗು ವೇಳಾಪಟ್ಟಿಗೆ ಮರಳಲು ಮುಂದಿನ ಒಂದೆರಡು ಬಂದರುಗಳನ್ನು ಬಿಟ್ಟುಬಿಡುತ್ತದೆ. ಮುಷ್ಕರದ ಸುದ್ದಿಯನ್ನೂ ಕೇಳಿರದ ಆ ಬಂದರುಗಳಲ್ಲಿ ರಫ್ತು ಸರಕು ಧಕ್ಕೆಯ ಮೇಲೆಯೇ ಉಳಿಯುತ್ತದೆ, ಅಲ್ಲಿಗೆ ಬರಬೇಕಾಗಿದ್ದ ಖಾಲಿ ಪೆಟ್ಟಿಗೆಗಳೂ ಬರುವುದಿಲ್ಲ. ಕೆಲವೊಮ್ಮೆ ಹಡಗು ಕಂಪನಿಯವರಾದ ನೀವು ಸರಕನ್ನು ಬೇರೊಂದು ಬಂದರಿನಲ್ಲಿ ಇಳಿಸಿ, ಬಿಲ್ ಆಫ್ ಲೇಡಿಂಗ್‌ನ ಹಿಂಬದಿಯ ಸಣ್ಣಕ್ಷರದ ಷರತ್ತಿನ ಪ್ರಕಾರ ಸಾಗಣೆ ಅಲ್ಲಿಗೇ ಮುಗಿಯಿತೆಂದು ಘೋಷಿಸುತ್ತೀರಿ. ಅಲ್ಲಿಂದ ಮುಂದಿನ ದಾರಿಯ ಖರ್ಚು ಸರಕಿನವರದು.

ಆ ಖರ್ಚನ್ನು ವಿಮೆ ಭರಿಸುತ್ತದೆಂಬ ನಂಬಿಕೆ ಅನೇಕ ಸಣ್ಣ ವ್ಯಾಪಾರಿಗಳಲ್ಲಿದೆ. ಮುಷ್ಕರದ ಅಪಾಯಕ್ಕೆಂದೇ ಪ್ರತ್ಯೇಕ ಕಂತು ಕಟ್ಟಿ ಇನ್‌ಸ್ಟಿಟ್ಯೂಟ್ ಸ್ಟ್ರೈಕ್ಸ್ ಕ್ಲಾಜಸ್ ಎಂಬ ವಿಮಾ ಷರತ್ತುಗಳ ರಕ್ಷಣೆ ಪಡೆದವರಿಗೂ ಸಿಗುವುದು ಮುಷ್ಕರನಿರತರು ಸರಕಿಗೆ ನೇರವಾಗಿ ಹಾನಿ ಮಾಡಿದರೆ ಮಾತ್ರ. ವಿಳಂಬದಿಂದ ಆದ ನಷ್ಟಕ್ಕೂ, ಕೆಲಸಕ್ಕೆ ಜನ ಇಲ್ಲದ್ದರಿಂದ ಆದ ನಷ್ಟಕ್ಕೂ ಅದೇ ಷರತ್ತುಗಳಲ್ಲಿ ಸ್ಪಷ್ಟವಾದ ಹೊರಗಿಡುವಿಕೆ ಇದೆ. ಖರೀದಿದಾರನ ಪರವಾಗಿ ಹಣ ಕೊಡುವುದಾಗಿ ಬ್ಯಾಂಕು ಬರೆದುಕೊಡುವ ಲೆಟರ್ ಆಫ್ ಕ್ರೆಡಿಟ್‌ನಲ್ಲಿ ಬರೆದಿರುವ ಕೊನೆಯ ರವಾನೆ ದಿನಾಂಕವೂ ಬಂದರು ನಿಂತಿತೆಂದು ತಾನಾಗಿ ಮುಂದೆ ಹೋಗುವುದಿಲ್ಲ. ಖರೀದಿದಾರ ಒಪ್ಪಿ ತಿದ್ದುಪಡಿ ಮಾಡಿಸಬೇಕು. ಬೆಲೆ ಇಳಿಸಿದರೆ ಒಪ್ಪುತ್ತೇನೆ ಎನ್ನುವ ಖರೀದಿದಾರರನ್ನು ನಾನು ಪ್ರತಿ ಮುಷ್ಕರದಲ್ಲೂ ಕಂಡಿದ್ದೇನೆ.

ಈಗ ನಿಮ್ಮ ಕಡೆಯ ಸ್ಥಿತಿಯನ್ನು ನೋಡೋಣ. 1924ರಲ್ಲಿ ಬ್ರಸೆಲ್ಸ್‌ನಲ್ಲಿ ಒಪ್ಪಿತವಾದ, ಸಮುದ್ರ ಸಾಗಣೆದಾರರ ಹೊಣೆಯನ್ನು ಗೊತ್ತುಮಾಡುವ ಹೇಗ್ ನಿಯಮಗಳ ನಾಲ್ಕನೇ ವಿಧಿ, ಮುಷ್ಕರ ಅಥವಾ ಲಾಕೌಟ್‌ನಿಂದ, ಅದು ಭಾಗಶಃ ಇರಲಿ ಪೂರ್ಣವಾಗಿರಲಿ, ಕಾರಣ ಯಾವುದೇ ಇರಲಿ, ಆಗುವ ನಷ್ಟಕ್ಕೆ ಹಡಗು ಸಾಗಣೆದಾರ ಹೊಣೆಯಲ್ಲ ಎನ್ನುತ್ತದೆ. ಮುಂದೆ ಬಂದ ಹೇಗ್-ವಿಸ್ಬಿ ನಿಯಮಗಳೂ ಅದನ್ನೇ ಉಳಿಸಿಕೊಂಡವು. ನೂರು ವರ್ಷಗಳಿಂದ ಕಾನೂನು ನಿಮ್ಮ ವಿಳಂಬಕ್ಕೆ ಮುಷ್ಕರವನ್ನು ನ್ಯಾಯವಾದ ಕಾರಣವೆಂದು ಒಪ್ಪಿಕೊಂಡಿದೆ. ಹಾಗಿರುವಾಗ ಅದೇ ಮುಷ್ಕರದಿಂದ ಪೆಟ್ಟಿಗೆ ಬಿಡಿಸಿಕೊಳ್ಳಲಾಗದ, ಹಿಂದಿರುಗಿಸಲಾಗದ ಸರಕಿನವರ ವಿಳಂಬಕ್ಕೆ ಅದು ಕಾರಣವೇ ಅಲ್ಲವೆಂದು ನೀವು ಯಾವ ನ್ಯಾಯದಿಂದ ಹೇಳುತ್ತೀರಿ? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಬಡವಾದ ಕೂಸಿಗೇ ಜಗಳದ ದಿನಗಳ ಬಾಡಿಗೆಯನ್ನೂ ಹಾಕಲಾಗುತ್ತಿದೆ.

ಮುಷ್ಕರ ತಮ್ಮ ಹಿಡಿತದಲ್ಲಿ ಇರಲಿಲ್ಲವೆಂಬ ಮಾತನ್ನೂ ನಾನು ಒಪ್ಪಲಾರೆ. 2024ರ ಅಕ್ಟೋಬರ್ 1ರಂದು ಅಮೆರಿಕದ ಪೂರ್ವ ಹಾಗೂ ಗಲ್ಫ್ ಕರಾವಳಿಯಲ್ಲಿ, ಮೇನ್‌ನಿಂದ ಟೆಕ್ಸಾಸ್‌ವರೆಗೆ 36 ಬಂದರುಗಳಲ್ಲಿ ಸುಮಾರು 45,000 ಕಾರ್ಮಿಕರು ಕೆಲಸ ನಿಲ್ಲಿಸಿದಾಗ, ಮೇಜಿನ ಆ ಬದಿಯಲ್ಲಿ ಇಂಟರ್‌ನ್ಯಾಷನಲ್ ಲಾಂಗ್‌ಶೋರ್‌ಮೆನ್ಸ್ ಅಸೋಸಿಯೇಷನ್ ಎಂಬ ಕಾರ್ಮಿಕ ಸಂಘ ಇದ್ದರೆ ಈ ಬದಿಯಲ್ಲಿದ್ದದ್ದು ಯುನೈಟೆಡ್ ಸ್ಟೇಟ್ಸ್ ಮ್ಯಾರಿಟೈಮ್ ಅಲಯನ್ಸ್. ಆ ಒಕ್ಕೂಟದ ಸದಸ್ಯರು ಯಾರು? ಕಂಟೇನರ್ ಹಡಗು ಕಂಪನಿಗಳು, ಟರ್ಮಿನಲ್ ನಿರ್ವಾಹಕರು, ಬಂದರು ಸಂಘಗಳು. ವೇತನ ಎಷ್ಟೆಂದು ನಿರ್ಧರಿಸಲು ಕೂತವರೂ, ಮಾತುಕತೆ ಮುರಿದರೆ ದಿನಕ್ಕಿಷ್ಟೆಂದು ಬಾಡಿಗೆ ಎಣಿಸುವವರೂ ಒಂದೇ ಮನೆಯವರು. ಜಗಳದಲ್ಲಿ ಪಾಲುದಾರರಾದವರು ಆ ಜಗಳವನ್ನು ಆಕಾಶದಿಂದ ಬಿದ್ದ ಸಿಡಿಲೆಂಬಂತೆ ವರ್ಣಿಸಬಾರದು. ಆ ಸಂದರ್ಭದಲ್ಲಿ ಹಲವು ಕಂಪನಿಗಳು ಮುಷ್ಕರ ಆರಂಭವಾಗುವ ಮೊದಲೇ ಪ್ರತಿ ಕಂಟೇನರಿಗೆ ಹೆಚ್ಚುವರಿ ಶುಲ್ಕವನ್ನು ಘೋಷಿಸಿದ್ದವೆಂಬುದನ್ನೂ ಇಲ್ಲಿ ನೆನಪಿಸಬೇಕು.

ಕೆಲಸ ನಿಲ್ಲಿಸುವವರು ಯಾವಾಗಲೂ ಕಾರ್ಮಿಕರೇ ಎಂಬುದೂ ನಿಜವಲ್ಲ. 2002ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ 29 ಬಂದರುಗಳಿಗೆ ಬೀಗ ಹಾಕಿದ್ದು ಮಾಲೀಕರ ಒಕ್ಕೂಟ. ಸುಮಾರು ಹತ್ತು ದಿನಗಳ ನಂತರ ಅಧ್ಯಕ್ಷರು ಟಾಫ್ಟ್-ಹಾರ್ಟ್ಲಿ ಎಂಬ ಕಾರ್ಮಿಕ ಕಾಯ್ದೆಯ ಅಡಿಯಲ್ಲಿ ನ್ಯಾಯಾಲಯದ ಆದೇಶ ತಂದು ಬಾಗಿಲು ತೆರೆಸಬೇಕಾಯಿತು. 2024ರ ನವೆಂಬರ್‌ನಲ್ಲಿ ಕೆನಡಾದ ವ್ಯಾಂಕೂವರ್ ಹಾಗೂ ಮಾಂಟ್ರಿಯಲ್ ಬಂದರುಗಳೂ ಲಾಕೌಟ್‌ನಿಂದಲೇ ಮುಚ್ಚಿದವು. ಆಗಲೂ ಗೇಟಿನ ಹೊರಗೆ ನಿಂತ ಲಾರಿಯ ಪಾಲಿಗೆ ಗೇಟು ಮುಚ್ಚಿಯೇ ಇತ್ತು.

ಕಾರ್ಮಿಕ ಸಂಘಗಳ ನಾಯಕರಿಗೆ ನಾನು ಬರೆಯುವುದು ಬೇರೆ ಮನಸ್ಸಿನಿಂದ. ಮುಷ್ಕರ ಹೂಡುವ ನಿಮ್ಮ ಹಕ್ಕನ್ನು ನಾನು ಗೌರವಿಸುತ್ತೇನೆ. ಈ ಪತ್ರವನ್ನು ಯಾರಾದರೂ ಮುಷ್ಕರ ನಿಷೇಧಿಸಲು ಸಾಕ್ಷ್ಯವಾಗಿ ಬಳಸಿದರೆ ಅದು ನನ್ನ ಮಾತನ್ನು ತಿರುಚಿದಂತೆ. 1889ರಲ್ಲಿ ಲಂಡನ್ ಧಕ್ಕೆಯ ಕಾರ್ಮಿಕರು ಗಂಟೆಗೆ ಆರು ಪೆನ್ಸ್ ಕೂಲಿಗಾಗಿ ಐದು ವಾರ ಕೆಲಸ ಬಿಟ್ಟು ಕೂರಬೇಕಾಯಿತು. ಅಲ್ಲಿಯವರೆಗೆ ಅವರು ಪ್ರತಿ ಬೆಳಿಗ್ಗೆ ಗೇಟಿನ ಬಳಿ ಗುಂಪುಗೂಡಿ, ಮೇಸ್ತ್ರಿ ಬೆರಳು ತೋರಿಸಿ ಕರೆದರೆ ಮಾತ್ರ ಕೆಲವು ಗಂಟೆಗಳ ಕೆಲಸ ಪಡೆಯುತ್ತಿದ್ದರು. ಇಂದಿನ ಬಂದರು ಕಾರ್ಮಿಕರ ಖಾಯಂ ಕೆಲಸ, ಸರದಿ ಪಟ್ಟಿ, ಸುರಕ್ಷತೆಯ ನಿಯಮಗಳು ಯಾರೂ ದಾನವಾಗಿ ಕೊಟ್ಟವಲ್ಲ. ಮಳೆಯಲ್ಲಿ, ರಾತ್ರಿಯಲ್ಲಿ, ಪೆಟ್ಟಿಗೆಗಳ ರಾಶಿಯ ತುದಿಯಲ್ಲಿ ನಿಂತು ಅವನ್ನು ಬಿಗಿದಿಟ್ಟ ಲ್ಯಾಷಿಂಗ್ ಸಲಾಕೆ ಬಿಚ್ಚುವವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆ ಕೆಲಸಕ್ಕೆ ಸಿಗುವ ಕೂಲಿ ಹೆಚ್ಚಾಯಿತೆಂದು ಹೇಳಲು ನನಗೆ ನಾಲಿಗೆ ಬರುವುದಿಲ್ಲ.

ಯಂತ್ರಗಳ ಬಗೆಗಿನ ನಿಮ್ಮ ಭಯವೂ ಸುಳ್ಳಲ್ಲ. 1956ರ ಏಪ್ರಿಲ್‌ನಲ್ಲಿ ಐಡಿಯಲ್-ಎಕ್ಸ್ ಎಂಬ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟ ಮೇಲೆ, ಮೂಟೆ ಹೊರುತ್ತಿದ್ದ ದೊಡ್ಡ ಜನಸಮೂಹದ ಕೆಲಸವೇ ಕೆಲವು ದಶಕಗಳಲ್ಲಿ ಇಲ್ಲವಾಯಿತು. ಆದರೆ 1960ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹ್ಯಾರಿ ಬ್ರಿಡ್ಜಸ್ ಅವರ ಸಂಘ ಮತ್ತು ಮಾಲೀಕರು ಸೇರಿ ಮಾಡಿಕೊಂಡ ಯಾಂತ್ರೀಕರಣ ಒಪ್ಪಂದವನ್ನೂ ನೆನೆಯಿರಿ: ಯಂತ್ರ ಬರಲಿ, ಅದರ ಲಾಭದ ಒಂದು ಪಾಲು ಕಾರ್ಮಿಕರ ನಿಧಿಗೆ ಹೋಗಲಿ, ದಾಖಲಾತಿ ಇರುವ ಕಾರ್ಮಿಕರನ್ನು ಕೆಲಸದಿಂದ ತೆಗೆಯಬಾರದು ಎಂದು ಮುಂಚಿತವಾಗಿ ಕೂತು ಬರೆದುಕೊಂಡರು. ಅದರಲ್ಲಿ ಕೊರತೆಗಳಿದ್ದವು, 1971ರಲ್ಲಿ ಅದೇ ಕರಾವಳಿ ತಿಂಗಳುಗಟ್ಟಲೆ ಮುಷ್ಕರವನ್ನೂ ಕಂಡಿತು. ಆದರೂ ಯಂತ್ರದ ಪ್ರಶ್ನೆಯನ್ನು ಕೊನೆಯ ರಾತ್ರಿಯವರೆಗೆ ಮುಂದೂಡದೆ ಬಗೆಹರಿಸಲು ಸಾಧ್ಯವೆಂಬುದಕ್ಕೆ ಅದು ಸಾಕ್ಷಿ. ಇದಕ್ಕೆ ವಿರುದ್ಧವಾಗಿ 2024ರಲ್ಲಿ ನಡೆದದ್ದೇನು? ಅಲಬಾಮಾದ ಮೊಬೀಲ್ ಬಂದರಿನಲ್ಲಿ ಸ್ವಯಂಚಾಲಿತ ಗೇಟ್ ಬಳಸುತ್ತಿದ್ದಾರೆಂಬ ತಕರಾರಿಗೆ ಜೂನ್‌ನಲ್ಲೇ ಮಾತುಕತೆ ಮುರಿದುಬಿತ್ತು, ಸೆಪ್ಟೆಂಬರ್ 30ಕ್ಕೆ ಒಪ್ಪಂದದ ಅವಧಿ ಮುಗಿಯಿತು, ಅಕ್ಟೋಬರ್ 1ಕ್ಕೆ ಕೆಲಸ ನಿಂತಿತು, ಅಕ್ಟೋಬರ್ 3ರ ಸಂಜೆ ಆರು ವರ್ಷಗಳಲ್ಲಿ ಶೇ. 62ರಷ್ಟು ವೇತನ ಏರಿಕೆಗೆ ತಾತ್ವಿಕ ಒಪ್ಪಿಗೆಯಾಯಿತು. ಮೂರು ದಿನಗಳಲ್ಲಿ ಸಿಕ್ಕ ಒಪ್ಪಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲಿ ಏಕೆ ಸಿಗಲಿಲ್ಲ ಎಂಬ ಪ್ರಶ್ನೆಯನ್ನು ನಾನು ಎರಡೂ ಕಡೆಯವರಿಗೆ ಕೇಳುತ್ತಿದ್ದೇನೆ.

ಇದು ಒಂದು ದೇಶದ ರೋಗವಲ್ಲ. ಭಾರತದ ಪ್ರಮುಖ ಬಂದರುಗಳ ಕಾರ್ಮಿಕರ ವೇತನ ಒಪ್ಪಂದ 2021ರ ಡಿಸೆಂಬರ್ 31ಕ್ಕೇ ಮುಗಿದಿತ್ತು. ಹೊಸ ಒಪ್ಪಂದಕ್ಕೆ ದಾರಿಯಾದದ್ದು 2024ರ ಆಗಸ್ಟ್ 27ರಂದು, ಮರುದಿನದಿಂದ ಅನಿರ್ದಿಷ್ಟ ಮುಷ್ಕರವೆಂದು ಸಂಘಗಳು ಸಾರಿದ ಮೇಲೆ. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಕಾದವರು ಕೊನೆಯ ದಿನ ಸಹಿ ಹಾಕಿದರೆ, ಬೆದರಿಕೆ ಇಲ್ಲದೆ ಏನೂ ಆಗದೆಂಬ ಪಾಠವನ್ನು ಕಾರ್ಮಿಕರಿಗೆ ಕಲಿಸಿದವರು ಯಾರು? ಅಮೆರಿಕದ ಪಶ್ಚಿಮ ಕರಾವಳಿಯಲ್ಲೂ 2022ರ ಜುಲೈ 1ಕ್ಕೆ ಮುಗಿದ ಒಪ್ಪಂದದ ಜಾಗಕ್ಕೆ ತಾತ್ಕಾಲಿಕ ಒಪ್ಪಂದ ಬಂದದ್ದು 2023ರ ಜೂನ್‌ನಲ್ಲಿ. ಆ ಒಂದು ವರ್ಷ ಪೂರ್ಣ ಮುಷ್ಕರ ಇರಲಿಲ್ಲ, ಆದರೆ ಅನಿಶ್ಚಿತತೆಯೊಂದೇ ಸಾಕಾಗಿ ಬಹಳಷ್ಟು ಸರಕು ಪೂರ್ವ ಕರಾವಳಿಗೆ ದಾರಿ ಬದಲಿಸಿತು. ಅದೇ ಬೇಸಿಗೆಯಲ್ಲಿ, 2023ರ ಜುಲೈ 1ರಿಂದ 13 ದಿನ, ಕೆನಡಾದ ಬ್ರಿಟಿಷ್ ಕೊಲಂಬಿಯಾದ ಸುಮಾರು 7,400 ಕಾರ್ಮಿಕರು ಕೆಲಸ ನಿಲ್ಲಿಸಿದರು. ಅದಕ್ಕೂ ಹಿಂದಿನ ವರ್ಷದ ಆಗಸ್ಟ್‌ನಲ್ಲಿ, ಬ್ರಿಟನ್ನಿನ ಕಂಟೇನರ್ ವಹಿವಾಟಿನ ಹತ್ತಿರ ಹತ್ತಿರ ಅರ್ಧದಷ್ಟನ್ನು ನಿಭಾಯಿಸುವ ಫೆಲಿಕ್ಸ್‌ಸ್ಟೋ ಬಂದರು ಎಂಟು ದಿನ ನಿಂತಿತು; ಅಲ್ಲಿ ಮುಷ್ಕರ ಹೂಡಿದವರು ಸುಮಾರು 1,900 ಮಂದಿ ಮಾತ್ರ. ಅಷ್ಟು ಕಡಿಮೆ ಕೈಗಳ ಮೇಲೆ ಅಷ್ಟು ದೊಡ್ಡ ವ್ಯಾಪಾರ ನಿಂತಿದೆಯೆಂದ ಮೇಲೆ ಆ ಕೈಗಳನ್ನು ವರ್ಷಗಟ್ಟಲೆ ಕಾಯಿಸುವುದು ಅನ್ಯಾಯ ಮಾತ್ರವಲ್ಲ, ಅವಿವೇಕವೂ ಹೌದು.

ಆದ್ದರಿಂದ ನನ್ನ ಮೊದಲ ಮತ್ತು ಮುಖ್ಯ ಬೇಡಿಕೆ ಹಡಗು ಕಂಪನಿಗಳಿಗೂ ಟರ್ಮಿನಲ್‌ಗಳಿಗೂ ಸೇರಿದ್ದು: ಗೇಟು ಮುಚ್ಚಿದ ಗಳಿಗೆಯಿಂದ ಗಡಿಯಾರ ನಿಲ್ಲಿಸಿ. ಮುಷ್ಕರವಿರಲಿ ಲಾಕೌಟ್ ಇರಲಿ, ಪೆಟ್ಟಿಗೆ ಬಿಡಿಸಿಕೊಳ್ಳಲು ಅಥವಾ ಒಪ್ಪಿಸಲು ದಾರಿ ಇಲ್ಲದ ಪ್ರತಿಯೊಂದು ದಿನವನ್ನೂ ಲೆಕ್ಕದಿಂದ ಕೈಬಿಡಬೇಕು. ಕೆಲಸ ಪುನಃ ಆರಂಭವಾದ ಮೇಲೂ, ಲಾರಿಗೆ ಸರದಿ ಸಿಗುವ ದಿನದವರೆಗೆ ಅದು ನಿಂತೇ ಇರಬೇಕು. ಇಲ್ಲವಾದರೆ ಮುಷ್ಕರದ ನಂತರದ ದಟ್ಟಣೆಯ ವಾರಗಳಲ್ಲೇ ಹೆಚ್ಚಿನ ವಸೂಲಿ ನಡೆಯುತ್ತದೆ. ಡೆಮರೇಜ್ ಮತ್ತು ಡಿಟೆನ್ಷನ್ ಹುಟ್ಟಿದ್ದು ಸರಕಿನವರು ಯಾರ್ಡನ್ನು ಗೋದಾಮು ಮಾಡಿಕೊಳ್ಳಬಾರದೆಂದು, ಪೆಟ್ಟಿಗೆಗಳು ಬೇಗ ಬೇಗ ಕೈ ಬದಲಾಗಲೆಂದು. ಆ ಉದ್ದೇಶವನ್ನು ನಾನು ಒಪ್ಪುತ್ತೇನೆ. ಮುಚ್ಚಿದ ಗೇಟಿನ ಮುಂದೆ ಯಾವ ದಂಡವೂ ಪೆಟ್ಟಿಗೆಯನ್ನು ಒಂದಿಂಚು ಮುಂದೆ ಸರಿಸುವುದಿಲ್ಲ. ಅಲ್ಲಿಗೆ ಆ ಶುಲ್ಕದ ಉದ್ದೇಶ ಮುಗಿದು ಬರೀ ವಸೂಲಿ ಉಳಿಯುತ್ತದೆ.

ಇದು ನನ್ನೊಬ್ಬನ ತರ್ಕವಲ್ಲ. ಅಮೆರಿಕದ ನೌಕಾ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಮ್ಯಾರಿಟೈಮ್ ಕಮಿಷನ್ 2020ರಲ್ಲಿ ಹೊರಡಿಸಿದ ನಿಯಮ ವಿವರಣೆಯಲ್ಲಿ, ಈ ಶುಲ್ಕಗಳು ಸರಕಿನ ಚಲನೆಯನ್ನು ಪ್ರೋತ್ಸಾಹಿಸುವಷ್ಟರ ಮಟ್ಟಿಗೆ ಮಾತ್ರ ನ್ಯಾಯಸಮ್ಮತವೆಂಬ ತತ್ವವನ್ನೇ ಮುಂದಿಟ್ಟಿತು. 2022ರ ಜೂನ್‌ನಲ್ಲಿ ಜಾರಿಗೆ ಬಂದ ಸಾಗರ ಸಾಗಣೆ ಸುಧಾರಣಾ ಕಾಯ್ದೆಯ ನಂತರ, ಬಿಲ್ಲಿನಲ್ಲಿ ಏನೇನು ನಮೂದಿಸಬೇಕು, ಎಷ್ಟು ದಿನಗಳೊಳಗೆ ಕಳುಹಿಸಬೇಕು ಎಂಬುದಕ್ಕೂ ಅದೇ ಆಯೋಗ ನಿಯಮ ಮಾಡಿದ್ದು, ಅದು 2024ರ ಮೇ 28ರಿಂದ ಜಾರಿಯಲ್ಲಿದೆ. ಆ ನಿಯಮದ ಹಿನ್ನೆಲೆಯಲ್ಲಿ ಆಯೋಗವೇ ನೀಡಿದ ಅಂದಾಜಿನಂತೆ, 2020ರಿಂದ 2022ರವರೆಗೆ ಒಂಬತ್ತು ದೊಡ್ಡ ಹಡಗು ಕಂಪನಿಗಳು ಈ ಎರಡು ಬಾಬ್ತಿನಲ್ಲಿ ಸುಮಾರು 890 ಕೋಟಿ ಡಾಲರ್ ಬಿಲ್ ಮಾಡಿ ಸುಮಾರು 690 ಕೋಟಿ ಡಾಲರ್ ವಸೂಲು ಮಾಡಿದವು. ಅದು ಬಂದರುಗಳು ದಟ್ಟಣೆಯಿಂದ ಉಸಿರುಗಟ್ಟಿದ್ದ ಕಾಲ. ಸರಕಿನವರು ಪೆಟ್ಟಿಗೆ ಬಿಡಿಸಿಕೊಳ್ಳಲು ಕೈಕಾಲು ಹಿಡಿಯುತ್ತಿದ್ದ ಕಾಲ.

ನಿಯಂತ್ರಣ ಸಂಸ್ಥೆಗಳ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಲ್ಲಿಂದಲೇ ಹುಟ್ಟುತ್ತದೆ. ಇಂಥ ತತ್ವ ಒಂದೆರಡು ದೇಶಗಳಲ್ಲಿ ಇದ್ದರೆ ಸಾಲದು. ಪ್ರತಿಯೊಂದು ಕಡಲ ರಾಷ್ಟ್ರದ ನಿಯಂತ್ರಕರೂ ಮುಷ್ಕರ ಮತ್ತು ಲಾಕೌಟ್ ದಿನಗಳ ಶುಲ್ಕ ಸಲ್ಲದೆಂದು ಸ್ಪಷ್ಟವಾದ ಒಂದು ವಾಕ್ಯವನ್ನು ನಿಯಮದಲ್ಲಿ ಸೇರಿಸಬೇಕು. ನ್ಯಾಯಸಮ್ಮತವಾಗಿರಬೇಕು ಎಂಬ ಸಡಿಲ ಮಾತು ಸಾಲುವುದಿಲ್ಲ. ನ್ಯಾಯವೇನೆಂದು ವಾದಿಸಲು ವಕೀಲರನ್ನು ಇಡುವ ಶಕ್ತಿ ಎರಡು ಕಂಟೇನರ್ ತರಿಸುವ ವ್ಯಾಪಾರಿಗೆ ಇರುವುದಿಲ್ಲ. ವಿವಾದ ಇತ್ಯರ್ಥವಾಗುವವರೆಗೆ ಅದೇ ಗ್ರಾಹಕರ ಬೇರೆ ಸರಕನ್ನು ತಡೆಹಿಡಿಯುವುದನ್ನೂ ನಿಷೇಧಿಸಬೇಕು. ಹಣ ಕಟ್ಟಿ ಆಮೇಲೆ ಜಗಳವಾಡು ಎನ್ನುವ ಈ ಪದ್ಧತಿಯಿಂದಲೇ ಹೆಚ್ಚಿನವರು ಜಗಳವನ್ನೇ ಆಡದೆ ಹೋಗುತ್ತಾರೆ.

ಕಾರ್ಮಿಕ ಸಂಘಗಳಲ್ಲಿ ನನ್ನ ಬೇಡಿಕೆ ಎರಡೇ. ಒಂದು, ಮುಷ್ಕರದ ದಿನಗಳಲ್ಲೂ ಔಷಧಿ, ರೋಗಪತ್ತೆಯ ಸಾಮಗ್ರಿ ಮತ್ತು ಪ್ಲಗ್‌ಗೆ ಹಾಕಿದ ರೀಫರ್‌ಗಳ ಮೇಲ್ವಿಚಾರಣೆಗೆ ಒಂದು ಸಣ್ಣ ತಂಡವನ್ನು ಬಿಟ್ಟುಕೊಡಿ. ಇದು ಅಸಾಧ್ಯವೆಂದು ಹೇಳಬೇಡಿ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಘ ಸೇನೆಯ ಸರಕನ್ನೂ ಪ್ರವಾಸಿ ಹಡಗುಗಳನ್ನೂ ಮುಷ್ಕರದಿಂದ ಹೊರಗಿಡುವುದಾಗಿ ತಾನಾಗಿಯೇ ಹೇಳಿತ್ತು. ಪ್ರವಾಸಿಗಳ ಹಡಗಿಗೆ ಸಲ್ಲುವ ವಿನಾಯಿತಿ ರೋಗಿಗಳ ಔಷಧಿಗೂ ಸಲ್ಲಬೇಕು. ಎರಡು, ಗೇಟು ಮುಚ್ಚುವುದಕ್ಕೆ ಕನಿಷ್ಠ ಎರಡು ದಿನ ಮುಂಚೆ ಲಾರಿ ಚಾಲಕರಿಗೆ ಖಚಿತವಾಗಿ ತಿಳಿಸಿ. ರಾತ್ರಿಯಿಡೀ ಸಾಲಿನಲ್ಲಿ ನಿಂತು ಬೆಳಿಗ್ಗೆ ಬರಿಗೈಯಲ್ಲಿ ಮರಳುವವರು ಕೂಡ ದುಡಿಯುವ ಜನರೇ, ಮತ್ತು ಅವರಿಗೆ ಮುಷ್ಕರ ನಿಧಿಯಿಲ್ಲ. ಹೊರಸಮುದ್ರದಲ್ಲಿ ಲಂಗರು ಹಾಕಿದ ಹಡಗುಗಳ ಸಿಬ್ಬಂದಿಯನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ಅವರಲ್ಲಿ ಒಪ್ಪಂದದ ಅವಧಿ ಮುಗಿದು ಮನೆಗೆ ಹೊರಟವರು ಇರುತ್ತಾರೆ, ಬಂದರಿನ ದೀಪಗಳು ಕಣ್ಣಿಗೆ ಕಂಡರೂ ಅವರು ಇಳಿಯಲಾರರು.

ಎರಡೂ ಕಡೆಯವರಿಗೆ ಸೇರಿ ಕೊನೆಯದೊಂದು ಮಾತು. ಒಪ್ಪಂದದ ಅವಧಿ ಮುಗಿಯುವುದಕ್ಕೆ ಕನಿಷ್ಠ ಆರು ತಿಂಗಳ ಮುಂಚೆ ಮಾತುಕತೆ ಆರಂಭಿಸಿ, ತಿಂಗಳಿಗೊಮ್ಮೆಯಾದರೂ ಅದು ಎಲ್ಲಿಗೆ ಬಂತೆಂದು ಬಹಿರಂಗವಾಗಿ ತಿಳಿಸಿ. ಏನೂ ತಿಳಿಯದೆ ಕೂತ ವ್ಯಾಪಾರಿಗಳು ಭಯಕ್ಕೆ ಬಿದ್ದು ಎರಡು ತಿಂಗಳ ಸರಕನ್ನು ಒಂದೇ ತಿಂಗಳಲ್ಲಿ ತರಿಸುತ್ತಾರೆ. ಮುಷ್ಕರ ನಡೆಯದೇ ಹೋದರೂ ಆ ಅವಸರದಿಂದಲೇ ಯಾರ್ಡ್ ತುಂಬುತ್ತದೆ, ಬಾಡಿಗೆ ಏರುತ್ತದೆ, ಮುಂದಿನ ತಿಂಗಳು ಹಡಗುಗಳು ಅರ್ಧ ಖಾಲಿ ಓಡುತ್ತವೆ. ಭಾರತದ ಈಗಿನ ಬಂದರು ವೇತನ ಒಪ್ಪಂದದ ಅವಧಿ 2026ರ ಡಿಸೆಂಬರ್ 31ರವರೆಗೆ. ಬೇರೆ ಕರಾವಳಿಗಳ ಒಪ್ಪಂದಗಳಿಗೂ ಇಂಥದ್ದೇ ಗೊತ್ತಾದ ಕೊನೆಯ ದಿನಗಳಿವೆ. ಅವು ಯಾರಿಗೂ ಅನಿರೀಕ್ಷಿತವಲ್ಲ.

ಆ ಖಾಲಿ ಪೆಟ್ಟಿಗೆಯ 19 ದಿನಗಳ ಬಿಲ್ಲಿನ ಪ್ರತಿ, ಗೇಟಿನಲ್ಲಿ ನಿಂತಿದ್ದ ಲಾರಿಯ ಚೀಟಿ, ಬೇರೆ ಡಿಪೋಗೆ ಅನುಮತಿ ಕೋರಿ ನಾನು ಬರೆದ ಮೂರು ಪತ್ರಗಳು ಇಂದಿಗೂ ನನ್ನ ಬಳಿ ಇವೆ. ನಿಮ್ಮಲ್ಲಿ ಯಾರಾದರೂ ಪದ್ಧತಿ ಬದಲಿಸಲು ಮನಸ್ಸು ಮಾಡಿದರೆ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಅವನ್ನು ನಿಮ್ಮ ಮುಂದಿಡಲು ಸಿದ್ಧನಿದ್ದೇನೆ. ತಮ್ಮ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸರಕು ರವಾನೆ ಕಚೇರಿಯ ಒಬ್ಬ ನೌಕರ